ಗಿಟಾರಿಗೂ ಫಜ್‌ಗೂ ನಡುವೆ

ವಾಲ್ಸಾಲ್ ಊರಿನ ಗಿಟಾರ್ ಮಂದಿಯಲ್ಲಿ ಕ್ಲೈವ್ ಪಾರ್ಜಿಟರ್‌ನ ಕಿವಿಗೆ ಇದ್ದ ಮರ್ಯಾದೆ ಅವನ ಕೈಬೆರಳಿಗೂ ಇರಲಿಲ್ಲ. ಬಾರಿಸುವವರು ಬೇಕಾದಷ್ಟು ಜನ ಇದ್ದರು, ಅವನಿಗಿಂತ ಚೆನ್ನಾಗಿ ಬಾರಿಸುವವರೂ ಇದ್ದರು. ಆದರೆ ಒಂದು ದನಿ ಕೇಳಿದ ತಕ್ಷಣ, ಇದು ಅರವತ್ತೆಂಟನೇ ಇಸವಿಯ ಪೆಡಲಿನದು, ಇದು ಅದರ ನಕಲು, ಇದರ ಬ್ಯಾಟರಿ ಅರ್ಧ ಇಳಿದಿದೆ ಎಂದು ಹೇಳಬಲ್ಲವನು ಅವನೊಬ್ಬನೇ ಎಂದು ಎಲ್ಲರೂ ನಂಬಿದ್ದರು. ಅವನೂ ನಂಬಿದ್ದ. ಎಪ್ಪತ್ತು ದಾಟಿದ ಗಂಡಸಿಗೆ ನಂಬಿಕೊಳ್ಳಲು ಇಂಥದ್ದು ಏನಾದರೂ ಬೇಕಲ್ಲ.

ಡೆಸ್ ಫೆಲೋಸ್‌ನ ಗಿಟಾರ್ ಅಂಗಡಿಯಲ್ಲಿ ಶನಿವಾರ ಬೆಳಿಗ್ಗೆ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಹಿಂದಿನ ಕೋಣೆಯಲ್ಲಿ ಒಂದು ಹಳೇ ಜಮಖಾನ. ಯಾರ ಬಳಿ ಫಜ್ ಪೆಡಲ್ ಇದ್ದರೂ ತಂದು ಅದರ ಮೇಲಿಡಬೇಕು. ಕ್ಲೈವ್ ತನ್ನದೇ ಗಿಟಾರನ್ನು ಅದಕ್ಕೆ ಸಿಕ್ಕಿಸಿ, ಡೆಸ್‌ನ ಅಪ್ಪನ ಕಾಲದ ಆಂಪ್ಲಿಫೈಯರಿನಲ್ಲಿ ಬಾರಿಸಿ ತೀರ್ಪು ಕೊಡಬೇಕು. ಫಜ್ ಎಂದರೆ ಕಾಲಲ್ಲಿ ಒತ್ತುವ ಒಂದು ತಗಡಿನ ಡಬ್ಬಿ. ಗಿಟಾರಿನ ನಯವಾದ ದನಿಯನ್ನು ಒರಟು ಮಾಡಿ ಉಬ್ಬಿಸುವುದಷ್ಟೇ ಅದರ ಕೆಲಸ. ಚೆನ್ನಾಗಿರುವ ದನಿಯನ್ನು ಕೆಡಿಸುವುದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಇವರ ಹೆಂಡಂದಿರು ಕೇಳಿ ಕೇಳಿ ಸುಸ್ತಾಗಿದ್ದರು. ಹಳೇ ಬ್ಲೂಸ್ ರಾಕ್ ಬಾರಿಸುವವರಿಗೆ ಮಾತ್ರ ಬದುಕಿನ ಸುಖವೆಲ್ಲ ಆ ಕೆಡಿಸುವ ಬಗೆಯಲ್ಲೇ ಇತ್ತು.

ಕ್ಲೈವ್‌ನ ಪರೀಕ್ಷೆ ಎಲ್ಲರಿಗೂ ಬಾಯಿಪಾಠ. ಮೊದಲು ದಪ್ಪ ತಂತಿಯ ಒಂದೇ ಸ್ವರ. ಆಮೇಲೆ ಆರೂ ತಂತಿ ಒಟ್ಟಿಗೆ. ಕೊನೆಗೆ ಕಿರುಬೆರಳಿನಿಂದ, ದನಿ ಏರಿಸಿ ಇಳಿಸುವ ಗಿಟಾರಿನ ತಿರುಪು ಕೊಂಚ ಇಳಿಸಿದರೆ ಒರಟೆಲ್ಲ ಕರಗಿ ದನಿ ತಿಳಿಯಾಗಬೇಕು. ತಿಳಿಯಾದರೆ ಅದು ಒಳ್ಳೇ ಫಜ್, ಇಲ್ಲದಿದ್ದರೆ ಕಸ. ಇದರ ಜೊತೆಗೆ ಒಂದು ಕಟ್ಟಳೆಯೂ ಇತ್ತು. ಜರ್ಮೇನಿಯಂ ಟ್ರಾನ್ಸಿಸ್ಟರ್ ಹಾಕಿದ ಹಳೇ ಬಗೆಯ ಫಜ್‌ಗೆ ಗಿಟಾರು ನೇರವಾಗಿ ಸಿಗಬೇಕು. ನಡುವೆ ಇನ್ನೊಂದು ಯಂತ್ರ ಬಂದರೆ ಅದರ ದನಿ ಕೆಟ್ಟು ಕೂರುತ್ತದೆ. 'ಗಿಟಾರಿಗೂ ಫಜ್‌ಗೂ ನಡುವೆ ಯಾರೂ ಬರಬಾರದು' ಎಂದು ಕ್ಲೈವ್ ತನ್ನ ಕೈಯಾರೆ ಬರೆದ ರಟ್ಟನ್ನು ಡೆಸ್ ಗೋಡೆಗೆ ಅಂಟಿಸಿದ್ದ.

ಫೆಬ್ರವರಿಯ ಆ ಶನಿವಾರ ಜಮಖಾನದ ಮೇಲೆ ಎರಡು ಪೆಡಲ್ ಇದ್ದವು. ಅಂಗಡಿಯ ಹೆಸರಿನಲ್ಲಿ ಒಂದೇ ಒಂದು ಫಜ್ ಮಾರಲಿಕ್ಕಿಡಬೇಕೆಂದು ಡೆಸ್‌ಗೆ ಆಸೆ. ಸುತ್ತಲಿನ ಊರುಗಳ ಹಳೇ ಬ್ಯಾಂಡಿನವರೆಲ್ಲ ಬಂದು ಅದನ್ನೇ ಕೇಳಬೇಕು, ಹಾಗಿರಬೇಕು. ಒಂದು ಪೆಡಲ್ ಲೀಡ್ಸ್‌ನ ಯಾವುದೋ ಕಂಪನಿಯವರು ಕಳಿಸಿದ್ದು. ಇನ್ನೊಂದನ್ನು ಮಾಡಿದವಳು ಗ್ವೆನ್ ಟ್ರಾಂಟರ್.

ಗ್ವೆನ್ ಅಲ್ಲಿಯವರಿಗೆಲ್ಲ ರಾನ್‌ನ ಹೆಂಡತಿಯೆಂದೇ ಪರಿಚಯ. ರಾನ್ ಟ್ರಾಂಟರ್ ನಲವತ್ತು ವರ್ಷ ಕ್ಲೈವ್‌ನ ಪಕ್ಕದಲ್ಲಿ ನಿಂತು ಎರಡನೇ ಗಿಟಾರ್ ಬಾರಿಸಿದವನು. ಅಕ್ಟೋಬರಿನಲ್ಲಿ ತೀರಿಕೊಂಡ. ಅವನು ಸಂತೆಗಳಲ್ಲಿ, ಮುಚ್ಚಿಹೋದ ಕಾರ್ಖಾನೆಗಳಲ್ಲಿ ಹುಡುಕಿ ತಂದ ಹಳೇ ಟ್ರಾನ್ಸಿಸ್ಟರುಗಳು ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ಉಳಿದಿದ್ದವು. ಗ್ವೆನ್ ರೇಡಿಯೋ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆಸುಗೆ ಹಾಕಿದವಳು. ಗಂಡ ಹೋದ ಮೇಲೆ ಅಡುಗೆಮನೆಯ ಮೇಜಿನ ಮೇಲೆ ಆ ಡಬ್ಬಿ ಸುರಿದುಕೊಂಡು, ಒಂದೊಂದನ್ನೂ ಅಳೆದು, ಇನ್ನೂರರಲ್ಲಿ ಎರಡನ್ನು ಆರಿಸಿ ಒಂದು ಫಜ್ ಕಟ್ಟಿದಳು. ಅದರ ತಗಡಿನ ಮೇಲೆ ಹೆಸರಿರಲಿಲ್ಲ. ಅಂಗಡಿಗೆ ಇದನ್ನೇ ಆರಿಸಿದರೆ 'ರಾನ್' ಎಂದು ಬರೆಸುತ್ತೇನೆ ಎಂದು ಡೆಸ್‌ಗೆ ಮಾತ್ರ ಹೇಳಿದ್ದಳು. ಡೆಸ್ ಊರಿಗೆಲ್ಲ ಹೇಳಿದ್ದ.

ಲೀಡ್ಸ್‌ನದು ಚೆನ್ನಾಗಿಯೇ ಕೇಳಿಸಿತು. ಅಂಥ ಹೊಸ ಬಗೆಯ ಪೆಡಲ್‌ಗಳಿಗೆ ಹಿಂದೆ ಮುಂದೆ ಏನಿದ್ದರೂ ನಡೆಯುತ್ತದೆ. ಆಮೇಲೆ ಕ್ಲೈವ್ ಗ್ವೆನ್‌ಳ ಡಬ್ಬಿಯನ್ನು ಒತ್ತಿದ. ಚೀರು ದನಿ. ಕೆಳಗಿನ ತುಂಬು ಇಲ್ಲ, ಮೇಲೆ ಬರೀ ಗರಗರ. ತಿರುಪು ಇಳಿಸಿದ, ತಿಳಿಯಾಗಲಿಲ್ಲ. ಇನ್ನೂ ಇಳಿಸಿದ, ಸಣ್ಣಗಾಯಿತೇ ಹೊರತು ತಿಳಿಯಾಗಲಿಲ್ಲ. ಕೋಣೆಯಲ್ಲಿ ಏಳೆಂಟು ಜನ ಚಹಾದ ಲೋಟ ಹಿಡಿದು ಕಾಯುತ್ತಿದ್ದರು. ಜನ ಕಾಯುತ್ತಿದ್ದಾರೆ ಎಂದರೆ ಕ್ಲೈವ್‌ಗೆ ನಾಲಿಗೆ ತುರಿಸುತ್ತಿತ್ತು.

"ಏನು ಗ್ವೆನ್, ತಗಡಿನ ಡಬ್ಬಿಯೊಳಗೆ ಕಣಜದ ಹುಳ ಸಾಕಿದ್ಯಾ?" ಎಂದ.

ಎಲ್ಲರೂ ನಕ್ಕರು. ಬಸ್ ಓಡಿಸಿ ನಿವೃತ್ತನಾದ ಲಯನಲ್ ಪ್ರೀಸ್ಟ್ ಚಹಾ ಚೆಲ್ಲಿಕೊಳ್ಳುವಷ್ಟು ನಕ್ಕ. ಗ್ವೆನ್ ಕ್ಲೈವ್‌ನ ಕೈಯನ್ನು ನೋಡಿದಳು, ಗಿಟಾರನ್ನು ನೋಡಿದಳು, ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಡಬ್ಬಿಯನ್ನು ಕೇಬಲಿನಿಂದ ಬಿಡಿಸಿ, ಪಾತ್ರೆ ಒರೆಸುವ ಬಟ್ಟೆಯಲ್ಲಿ ಸುತ್ತಿ, ಸಂತೆಚೀಲದಲ್ಲಿಟ್ಟುಕೊಂಡು ಹೊರಟಳು. ಲೀಡ್ಸ್‌ನದನ್ನೇ ಮುಂದಿನ ಶನಿವಾರ ಪಕ್ಕಾ ಮಾಡೋಣ ಎಂದ ಡೆಸ್.

ಕ್ಲೈವ್ ಮನೆಗೆ ಹೋದದ್ದು ಖುಷಿಯಲ್ಲೇ. ಒಳ್ಳೇ ಮಾತು ಆಡಿದೆ ಎಂಬ ಖುಷಿ. ಅದು ಸೋಮವಾರದ ಮಧ್ಯಾಹ್ನದ ತನಕ ಉಳಿಯಿತು.

ರಾನ್ ಸತ್ತ ಮೇಲೆ ಅವರ ಬ್ಯಾಂಡು ಎಲ್ಲೂ ಬಾರಿಸಿರಲಿಲ್ಲ. ಏಪ್ರಿಲಿನಲ್ಲಿ ಅವನ ನೆನಪಿಗೆ ಒಂದು ಸಂಗೀತ ಕಛೇರಿ ಎಂದು ಗೊತ್ತುಮಾಡಿದ್ದರು. ಅದಕ್ಕೆಂದು ಕ್ಲೈವ್ ಹದಿನೆಂಟನೇ ವಯಸ್ಸಿನಲ್ಲಿ ಕೊಂಡ ತನ್ನ ಫಜ್‌ನ ಧೂಳು ಒರೆಸಿ, ಗಿಟಾರಿಗೆ ಸಿಕ್ಕಿಸಿ ಒತ್ತಿದ. ಐದು ದಶಕ ಅವನ ಕಾಲಡಿ ಗುಡುಗಿದ ಡಬ್ಬಿ ಅದು. ಈಗ ಅದರೊಳಗಿಂದಲೂ ಕಣಜ ಎದ್ದವು.

ಬ್ಯಾಟರಿ ಬದಲಿಸಿದ. ಪೆಡಲಿನ ಕೇಬಲ್ ಬದಲಿಸಿದ. ಕೋಣೆ ಬಿಸಿಯಾಗಲೆಂದು ಹೀಟರ್ ಹಚ್ಚಿ ಅರ್ಧ ಗಂಟೆ ಕೂತ. ಮತ್ತೆ ಅದೇ. ತಿರುಪು ಇಳಿಸಿದರೆ ತಿಳಿಯಾಗದು. ಆಮೇಲೆ ಅವನ ಕಣ್ಣು ಗಿಟಾರಿನ ಅಂಚಿನ ಮೇಲೆ ಬಿತ್ತು. ಅಲ್ಲಿ, ಬಾರಿಸುವವನಿಗೆ ಮಾತ್ರ ಕಾಣುವ ಕಡೆ, ಗುಂಡುಸೂಜಿಯ ತಲೆಯಷ್ಟು ಹಸಿರು ದೀಪ ಉರಿಯುತ್ತಿತ್ತು.

ಕ್ಲೈವ್ ಮೆಲ್ಲಗೆ ಕುರ್ಚಿಯ ಮೇಲೆ ಕುಸಿದ.

ಅವನ ಕಿವಿ ಹೋಗಿ ಎರಡು ವರ್ಷವಾಗಿತ್ತು. ಪೂರ್ತಿ ಹೋಗಿರಲಿಲ್ಲ. ಮಾತು ಕೇಳಿಸುತ್ತಿತ್ತು, ದನಿಯ ಒರಟು ನಯ ತಿಳಿಯುತ್ತಿತ್ತು. ಆದರೆ ಒಳಗೆ ಸದಾ ಒಂದು ಸಿಳ್ಳೆ, ಅದರ ಮೇಲೆ ಎರಡು ಸ್ವರ ಕೂಡಿದವೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಗಿಟಾರನ್ನು ಶ್ರುತಿ ಮಾಡುವುದೇ ಆಗುತ್ತಿರಲಿಲ್ಲ. ಅದನ್ನು ಕಂಡುಹಿಡಿದವನು ರಾನ್ ಒಬ್ಬನೇ. ಬಾಯಿಬಿಟ್ಟು ಒಂದು ಮಾತೂ ಆಡಲಿಲ್ಲ. ಒಂದು ಸಂಜೆ ವೇದಿಕೆಯ ಹಿಂದೆ ಕ್ಲೈವ್‌ನ ಕೈಯಿಂದ ಗಿಟಾರ್ ತೆಗೆದುಕೊಂಡು ಶ್ರುತಿ ಮಾಡಿ ವಾಪಸು ಕೊಟ್ಟ, ಅಂದಿನಿಂದ ಪ್ರತಿ ಸಲವೂ ಹಾಗೇ ಮಾಡಿದ. ರಾನ್ ಹೋದ ಮೇಲೆ ಕ್ಲೈವ್ ದಿಕ್ಕು ತೋಚದೆ ಕವೆಂಟ್ರಿಯ ಒಬ್ಬನ ಬಳಿ ಹೋಗಿ, ಗಿಟಾರಿನ ಹೊಟ್ಟೆಯೊಳಗೆ ಶ್ರುತಿ ತೋರಿಸುವ ಪುಟ್ಟ ಯಂತ್ರವೊಂದನ್ನು ಅಡಗಿಸಿ ಕೂರಿಸಿಕೊಂಡು ಬಂದಿದ್ದ. ಅದು ತಂತಿಗಳ ದನಿಯನ್ನೆಲ್ಲ ಮೊದಲು ತಾನು ತೆಗೆದುಕೊಂಡು, ಅಳೆದು, ತನ್ನ ಬಲ ಸೇರಿಸಿ ಹೊರಗೆ ಕಳಿಸುತ್ತಿತ್ತು. ಅಂದರೆ ಗಿಟಾರಿಗೂ ಫಜ್‌ಗೂ ನಡುವೆ ಕೂತಿತ್ತು.

ಗೋಡೆಗೆ ಅಂಟಿಸಿದ ರಟ್ಟಿನ ಅಕ್ಷರ ಅವನದೇ. ಈ ಮಾತನ್ನು ನೂರು ಜನಕ್ಕೆ ಹೇಳಿಕೊಟ್ಟವನು, ತಪ್ಪು ಮಾಡಿದವರನ್ನು ಎಲ್ಲರ ಮುಂದೆ ನೀರಿಳಿಸಿದವನು ಅವನೇ. ಇದು ಕವೆಂಟ್ರಿಯಲ್ಲಿ ಅವನಿಗೆ ಹೊಳೆಯಲಿಲ್ಲ ಏಕೆಂದರೆ ಅಲ್ಲಿ ಅವನು ಫಜ್‌ನ ಬಗ್ಗೆ ಯೋಚಿಸುತ್ತಿರಲಿಲ್ಲ. ಯಾರಿಗೂ ಗೊತ್ತಾಗಬಾರದು ಎಂಬ ಒಂದೇ ಯೋಚನೆಯಲ್ಲಿದ್ದ. ಆಮೇಲೆ ಜಮಖಾನದ ಮೇಲೆ ಬಂದ ಜರ್ಮೇನಿಯಂ ಪೆಡಲ್ ಎಂದರೆ ಗ್ವೆನ್‌ಳದೇ ಮೊದಲು.

ಗ್ವೆನ್‌ಳ ಡಬ್ಬಿಯಲ್ಲಿ ಏನೂ ದೋಷವಿರಲಿಲ್ಲ. ಒಂದು ಫೋನ್ ಮಾಡಿ ಡೆಸ್‌ಗೆ ಹೇಳಿದ್ದರೆ ಮುಗಿಯುತ್ತಿತ್ತು. ಕ್ಲೈವ್ ಎರಡು ಸಲ ಫೋನ್ ಎತ್ತಿಕೊಂಡ, ಎರಡು ಸಲವೂ ಕೆಳಗಿಟ್ಟ. ಅಂಗಡಿಗೆ ಏನಂತ ಹೇಳುವುದು? ಇಪ್ಪತ್ತು ವರ್ಷ ನಿಮ್ಮ ಪೆಡಲ್‌ಗಳಿಗೆಲ್ಲ ತೀರ್ಪು ಕೊಟ್ಟವನಿಗೆ ತನ್ನ ಗಿಟಾರಿನ ಶ್ರುತಿಯೇ ಕೇಳಿಸುವುದಿಲ್ಲ ಎಂದೇ? ನಾಚಿಕೆಯಲ್ಲಿ ಎರಡು ಬಗೆ ಇರುತ್ತದೆ, ಮಾಡಿದ್ದಕ್ಕೆ ಪಡುವುದು ಒಂದು, ಸಿಕ್ಕಿಬೀಳುತ್ತೇನೆಂದು ಪಡುವುದು ಇನ್ನೊಂದು. ಕ್ಲೈವ್‌ಗೆ ಎರಡೂ ಇದ್ದವು, ಎರಡನೆಯದೇ ಹೆಚ್ಚಾಗಿತ್ತು. ಅದು ಅವನಿಗೆ ಗೊತ್ತೂ ಇತ್ತು, ಅದರಿಂದ ಇನ್ನಷ್ಟು ನಾಚಿಕೆಯಾಯಿತು.

ಮಂಗಳವಾರ ಮೀನು ಕರಿಯುವ ಅಂಗಡಿಯ ಸಾಲಿನಲ್ಲಿ ಅವನ ಮುಂದೆ ಲಯನಲ್ ನಿಂತಿದ್ದ. ಯಾರಿಗೋ ಕಣಜದ ಡಬ್ಬಿಯ ಕತೆಯನ್ನು ಕೈಕಾಲು ಸೇರಿಸಿ ಹೇಳುತ್ತಿದ್ದ. ಪಾಪ ರಾನ್, ನಲವತ್ತು ವರ್ಷ ಕಸ ಗುಡ್ಡೆ ಹಾಕಿದ್ದನಂತೆ ಎಂದು ಮುಗಿಸಿದ. ಕ್ಲೈವ್ ಮೀನು ತೆಗೆದುಕೊಳ್ಳದೆ ಸಾಲಿನಿಂದ ಹೊರಬಂದ.

ಬುಧವಾರ ಅವನು ಗ್ವೆನ್‌ಳ ಮನೆಗೆ ಹೋದ. ಎಲ್ಲ ಹೇಳಿಬಿಡುವುದೆಂದೇ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಗ್ವೆನ್ ಬಾಗಿಲು ತೆರೆದು, ಆಶ್ಚರ್ಯಪಡದೆ ಒಳಗೆ ಕರೆದಳು. ಅಡುಗೆಮನೆಯಲ್ಲಿ ಚಹಾ ಕೊಟ್ಟಳು. ಮೇಜಿನ ಮೇಲೆ ಬೆಸುಗೆ ಕಡ್ಡಿ ಇರಲಿಲ್ಲ, ಬಿಸ್ಕತ್ತಿನ ಡಬ್ಬಿಯೂ ಇರಲಿಲ್ಲ. ಅವಳು ಎದುರಿಗೆ ಕೂತು ಕಾದಳು. ಕ್ಲೈವ್ ಹವೆಯ ಬಗ್ಗೆ ಮಾತಾಡಿದ, ಏಪ್ರಿಲಿನ ಕಛೇರಿಯ ಬಗ್ಗೆ ಮಾತಾಡಿದ. ಮೊದಲ ಲೋಟ ಮುಗಿಯಿತು.

"ಏನೋ ಹೇಳಕ್ಕೆ ಬಂದಹಾಗಿದೆ," ಎಂದಳು ಗ್ವೆನ್.

ಹೂಂ ಎಂದ. ಗಂಟಲವರೆಗೆ ಬಂದಿತ್ತು. ಆದರೆ ಬಾಯಿಯಿಂದ ಹೊರಗೆ ಬಿದ್ದದ್ದು ಬೇರೆ. "ಆವತ್ತು ಅಂಗಡೀಲಿ ಚಳಿ ಇತ್ತು ಗ್ವೆನ್. ಜರ್ಮೇನಿಯಂಗೆ ಚಳಿ ಆಗಲ್ಲ. ನಿನ್ನ ಪೆಡಲ್‌ನ ಈ ಶನಿವಾರ ಇನ್ನೊಂದ್ಸಲ ನೋಡ್ತೀನಿ. ನೀನು ತಗೊಂಡು ಬಾ."

"ಚಳಿ," ಎಂದಳು ಅವಳು.

"ಚಳಿಯೇ."

"ಬೇರೆ ಏನೂ ಇಲ್ವಾ?"

ಇಲ್ಲ ಎಂದ ಕ್ಲೈವ್. ಅವಳು ಲೋಟಗಳನ್ನು ಎತ್ತಿಕೊಂಡು ಹೋಗಿ ತೊಳೆದಳು. ತರುವುದಿಲ್ಲವೆಂದೇ ಅವನು ಎಣಿಸಿದ್ದ. ಆದರೆ ಅವಳು ಕೈ ಒರೆಸಿಕೊಳ್ಳುತ್ತ, ತರ್ತೀನಿ ಎಂದಳು.

ದಾರಿಯಲ್ಲಿ ಕ್ಲೈವ್‌ಗೆ ತನ್ನ ಜಾಣತನ ಒಂದು ಘಳಿಗೆ ಹಿತವೆನಿಸಿತು. ಅವಳ ಪೆಡಲ್ ಗೆಲ್ಲುತ್ತದೆ, ತನ್ನ ಮಾನವೂ ಉಳಿಯುತ್ತದೆ, ಯಾರಿಗೇನು ನಷ್ಟ? ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಹಿತ ಆರಿಹೋಗಿತ್ತು. ಸತ್ತ ಗೆಳೆಯನ ಹೆಂಡತಿಯ ಅಡುಗೆಮನೆಯಲ್ಲಿ ಕೂತು, ಅವಳ ಚಹಾ ಕುಡಿದು, ಅವಳ ಕಣ್ಣು ನೋಡಿಕೊಂಡು ಸುಳ್ಳು ಹೇಳಿ ಬಂದಿದ್ದ.

ಗುರುವಾರ ಗಿಟಾರಿನ ಬೆನ್ನು ಬಿಚ್ಚಿ ಆ ಯಂತ್ರವನ್ನು ತಾನೇ ಕಿತ್ತ. ಹೊಸ ತಂತಿ ಕಟ್ಟಿದ. ಶನಿವಾರ ಬೆಳಿಗ್ಗೆ ಆ ಯಂತ್ರವನ್ನೇ ಹೊರಗಿನಿಂದ ಸಿಕ್ಕಿಸಿ, ಹಸಿರು ದೀಪ ನೋಡಿ ನೋಡಿ ಆರೂ ತಂತಿಗಳ ಶ್ರುತಿ ಮಾಡಿಕೊಂಡ. ಯಂತ್ರ ಬಿಡಿಸಿಟ್ಟು, ಗಿಟಾರನ್ನು ಚೀಲಕ್ಕೆ ಹಾಕಿಕೊಂಡು, ಹಿಮ ಉದುರುವ ಬೀದಿಯಲ್ಲಿ ಮಗುವನ್ನು ಎತ್ತಿಕೊಂಡು ಹೋಗುವವನಂತೆ ಮೆಲ್ಲಗೆ ನಡೆದ.

ಕೋಣೆಯಲ್ಲಿ ಹೋದ ವಾರಕ್ಕಿಂತ ಹೆಚ್ಚು ಜನ. ಕಣಜದ ಡಬ್ಬಿ ಮತ್ತೆ ಬರುತ್ತದೆ ಎಂದು ಸುದ್ದಿಯಾಗಿತ್ತು. ಡೆಸ್ ಹೀಟರ್ ಜೋರಾಗಿ ಹಚ್ಚಿದ್ದ, ಬೇಕನ್ ಇಟ್ಟ ಬನ್ನುಗಳನ್ನೂ ತರಿಸಿದ್ದ. ಗ್ವೆನ್ ಹಿಂದಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದಳು. ಚಳಿಗೆ ಜರ್ಮೇನಿಯಂ ಮುನಿಸಿಕೊಂಡಿತ್ತು, ಇವತ್ತು ಸರಿಯಾಗಿ ನೋಡೋಣ ಎಂದು ಕ್ಲೈವ್ ಎಲ್ಲರಿಗೂ ಕೇಳುವಂತೆ ಹೇಳಿ, ಪೆಡಲ್ ಒತ್ತಿ, ದಪ್ಪ ತಂತಿಯನ್ನು ಮೀಟಿದ.

ಕೋಣೆ ತುಂಬಿತು. ಗಡಸಾದ, ಎದೆಯೊಳಗಿಂದ ಬಂದಂಥ ದನಿ, ಅದರ ಅಂಚೆಲ್ಲ ಸುಟ್ಟ ಸಕ್ಕರೆಯಂತೆ ಕಂದು. ಕ್ಲೈವ್ ತಿರುಪು ಇಳಿಸಿದ, ಒರಟು ಕರಗಿ ತಂತಿ ತಿಳಿಯಾಗಿ ನುಡಿಯಿತು. ಏರಿಸಿದ, ಮತ್ತೆ ಗುಡುಗು. ರಾನ್‌ನ ಡಬ್ಬಿಯಿಂದ ಆರಿಸಿದ, ಮೊಳೆಯಷ್ಟೇ ಇರುವ ಎರಡು ಟ್ರಾನ್ಸಿಸ್ಟರುಗಳ ಗುಡುಗು ಅದು. ಕ್ಲೈವ್‌ಗೆ ಕಣ್ಣು ಒದ್ದೆಯಾಯಿತು. ಆರೂ ತಂತಿ ಒಟ್ಟಿಗೆ ಬಾರಿಸಿ, ಕಣ್ಣು ಮುಚ್ಚಿ, ರಾನ್‌ಗೆ ಇಷ್ಟವಾದ ನಿಧಾನದ ಬ್ಲೂಸ್ ಒಂದನ್ನು ಹಿಡಿದು ಎರಡು ನಿಮಿಷ ಬಾರಿಸಿದ. ಅಷ್ಟು ಚೆನ್ನಾಗಿ ಬಾರಿಸಿ ವರ್ಷಗಳಾದವು ಎನಿಸಿತು.

ಕಣ್ಣು ತೆರೆದಾಗ ಯಾರೂ ಅವನನ್ನು ನೋಡುತ್ತಿರಲಿಲ್ಲ. ಡೆಸ್ ತನ್ನ ಬೂಟನ್ನು ನೋಡುತ್ತಿದ್ದ. ಲಯನಲ್ ಬನ್ನಿನ ಕಾಗದವನ್ನು ಮಡಿಸುತ್ತಿದ್ದ. ಒಬ್ಬರೂ ನಗಲಿಲ್ಲ, ಒಬ್ಬರೂ ಒಂದು ಮಾತಾಡಲಿಲ್ಲ. ಆ ಮೌನ ಕ್ಲೈವ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಾಲಡಿಯ ನೆಲ ಬಾಯಿಬಿಡಬಾರದೇ ಎನಿಸಿತು. ಹೊಸ ತಂತಿ, ಹೊರಗಿನ ಚಳಿ, ಒಳಗಿನ ಶಾಖ. ಶ್ರುತಿ ಜಾರಿತ್ತು. ಎಷ್ಟು ಜಾರಿತ್ತೋ, ಯಾವ ತಂತಿಯೋ, ಅವನಿಗೆ ಈಗಲೂ ತಿಳಿಯುತ್ತಿರಲಿಲ್ಲ.

ಗ್ವೆನ್ ಎದ್ದು ಬಂದಳು. "ಹೊಸ ತಂತಿ, ಜಾರಿರತ್ತೆ. ಕೊಡಿಲ್ಲಿ," ಎಂದಳು, ಅದೇನು ದೊಡ್ಡ ಮಾತು ಎನ್ನುವ ಹಾಗೆ. ಅವಳು ಚರ್ಚಿನ ಗಾಯನ ಮೇಳದಲ್ಲಿ ಹಾಡುವವಳು. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ, ಎರಡು ತಂತಿಗಳನ್ನು ಸೇರಿಸಿ ಮೀಟುತ್ತ ಬಿರಡೆಗಳನ್ನು ತಿರುಗಿಸಿದಳು. ಮಾತಿಲ್ಲದೆ ವಾಪಸು ಕೊಟ್ಟಳು. ಅದನ್ನು ಕೊಡುವ ರೀತಿ ರಾನ್‌ನದೇ. ರಾನ್ ಹೆಂಡತಿಗೆ ಹೇಳಿದ್ದ ಎಂದು ಕ್ಲೈವ್‌ಗೆ ಆಗ ಗೊತ್ತಾಯಿತು. ಎರಡು ವರ್ಷದಿಂದ ಗೊತ್ತಿತ್ತು ಇವಳಿಗೆ.

ಅವಳು ಅವನಿಗೆ ದಾರಿ ಮಾಡಿಕೊಟ್ಟಿದ್ದಳು. ಹೊಸ ತಂತಿ ಎಂದು ನಕ್ಕುಬಿಟ್ಟರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕ್ಲೈವ್ ಗಿಟಾರನ್ನು ಜಮಖಾನದ ಮೇಲಿಟ್ಟ.

"ನನ್ನ ಕಿವಿ ಹೋಗಿದೆ," ಎಂದ. "ಎರಡು ವರ್ಷ ಆಯ್ತು. ರಾನ್ ಶ್ರುತಿ ಮಾಡಿಕೊಡ್ತಿದ್ದ. ಅವನು ಹೋದ ಮೇಲೆ ಗಿಟಾರೊಳಗೆ ಒಂದು ಯಂತ್ರ ಬಚ್ಚಿಟ್ಟುಕೊಂಡಿದ್ದೆ. ಹೋದ ವಾರ ಕೆಟ್ಟಿದ್ದು ಅವಳ ಪೆಡಲ್ ಅಲ್ಲ. ನಡುವೆ ನನ್ನ ಯಂತ್ರ ಕೂತಿತ್ತು. ಸೋಮವಾರದಿಂದ ನನಗೆ ಗೊತ್ತು. ಹೇಳಲಿಲ್ಲ."

ಯಾರೋ ಕೆಮ್ಮಿದರು. ಆಮೇಲೆ ಲಯನಲ್ ತನ್ನ ಎಡಗಿವಿಯಿಂದ ಒಂದು ಶ್ರವಣಯಂತ್ರ ತೆಗೆದು ಎಲ್ಲರಿಗೂ ತೋರಿಸಿದ. "ಇದು ಆರು ವರ್ಷದಿಂದ ಇಲ್ಲೇ ಇದೆ ಕಣೋ. ನಿಮಗ್ಯಾರಿಗೂ ಕಾಣಲಿಲ್ಲ ಅಂದ್ರೆ ನಿಮ್ಮ ಕಣ್ಣೂ ಹೋಗಿದೆ ಅಂತಾಯ್ತು." ಕೋಣೆಯೆಲ್ಲ ನಕ್ಕಿತು. ಇನ್ನೊಬ್ಬ ತನ್ನ ಕಿವಿಯ ಸಿಳ್ಳೆಯ ಕತೆ ತೆಗೆದ, ಮತ್ತೊಬ್ಬ ತನ್ನ ಡಾಕ್ಟರನ್ನು ಬೈದ. ಡೆಸ್ ಬಂದು ಕ್ಲೈವ್‌ನ ಬೆನ್ನು ತಟ್ಟಿ, ಇಷ್ಟಕ್ಕೆ ಯಾಕಪ್ಪ ಒದ್ದಾಡಿದೆ ಎಂದ. ಅಂಗಡಿಗೆ ಗ್ವೆನ್‌ಳ ಪೆಡಲ್ಲೇ ಎಂದು ಅಲ್ಲೇ ಗಟ್ಟಿಯಾಗಿ ಸಾರಿದ. ಯಾವ ಗುಟ್ಟನ್ನು ಕಾಪಾಡಿಕೊಳ್ಳಲು ಕ್ಲೈವ್ ಒಬ್ಬ ಹೆಂಗಸನ್ನು ಊರ ಬಾಯಿಗೆ ಹಾಕಿದ್ದನೋ, ಅದು ಯಾರಿಗೂ ಬೇಕಾಗಿರಲಿಲ್ಲ. ಎರಡು ನಿಮಿಷದಲ್ಲಿ ಅದು ಹಳೇ ಸುದ್ದಿಯಾಯಿತು.

ಗ್ವೆನ್ ಮಾತ್ರ ನಕ್ಕಿರಲಿಲ್ಲ. ಪೆಡಲನ್ನು ಡೆಸ್‌ನ ಕೈಗೆ ಕೊಟ್ಟು, ಸಂತೆಚೀಲ ಮಡಿಸಿ ಹೊರಟಳು. ಕ್ಲೈವ್ ಹಿಂದೆಯೇ ಬೀದಿಗೆ ಓಡಿಬಂದ. ತಪ್ಪಾಯ್ತು ಗ್ವೆನ್ ಎಂದ. ಹೋದ ವಾರ ನೀನೊಂದು ಮಾತು ಹೇಳಬಹುದಿತ್ತಲ್ಲ ಎಂದೂ ಕೇಳಿದ. ಕೇಳಿದ ಮೇಲೆ, ಇದನ್ನೂ ಅವಳ ಮೇಲೆ ಹಾಕಿದೆನಲ್ಲ ಎಂದು ತಲೆ ತಗ್ಗಿಸಿದ.

"ನೀನು ತಿರುಪು ಇಳಿಸಿದ ತಕ್ಷಣ ನನಗೆ ಗೊತ್ತಾಯ್ತು, ನಡುವೆ ಏನೋ ಕೂತಿದೆ ಅಂತ," ಎಂದಳು ಗ್ವೆನ್. "ಹೇಳಿದ್ರೆ ಡೆಸ್ ಅಲ್ಲೇ ನಿನ್ನ ಗಿಟಾರ್ ಬಿಚ್ಚಿರೋನು. ಎಲ್ಲರ ಮುಂದೆ ನಿನ್ನ ಮಾನ ಹೋಗೋದು ಬೇಡ ಅಂತ ಸುಮ್ನಾದೆ. ರಾನ್ ಇದ್ದಿದ್ರೆ ಅವನೂ ಸುಮ್ನಾಗೋನು."

ಅವಳು ಕೋಟಿನ ಗುಂಡಿ ಹಾಕಿಕೊಂಡಳು.

"ಕಣಜ ಅಂದಿದ್ದು ಬಿಡು, ಅದಕ್ಕೆ ನಂಗೇನೂ ಇಲ್ಲ. ಆದ್ರೆ ಬುಧವಾರ ನೀನು ಬಂದಾಗ ಬಾಗಿಲು ತೆಗೀತಾ ಅಂದ್ಕೊಂಡೆ, ಹೇಳಕ್ಕೇ ಬಂದಿದಾನೆ, ನಾವಿಬ್ರೂ ಕೂತು ಒಂದ್ಸಲ ರಾನ್ ನೆನೆಸ್ಕೊಂಡು ಅಳಬಹುದು ಅಂತ. ಎರಡ್ಸಲ ಕೇಳ್ದೆ." ಅವಳು ಬೀದಿಯ ಆಚೆ ನೋಡಿದಳು. "ನನ್ನ ಅಡುಗೆಮನೆ ಈ ಅಂಗಡಿಗಿಂತ ಚಳಿ ಕಣೋ ಕ್ಲೈವ್. ಮೂರು ತಿಂಗಳು ಅಲ್ಲೇ ಕೂತು ಆ ಪೆಡಲ್ ಮಾಡಿದ್ದು."

ಬಸ್ ಬಂತು. ಅವಳು ಹತ್ತಿ ಹೋದಳು.